ಮದುವೆ ಕೇಳಿದವರಿಗೆ ಕತ್ತರಿ

ನೇಲ್ ಪಾಲಿಶ್ ವಾಸನೆ ಮೂಗಿಗೆ ಬಡಿದರೆ ಸಾಕು, ಅನಸೂಯಮ್ಮನಿಗೆ ಅಪ್ಪನ ಅಂಗಿ ಜೇಬು ನೆನಪಾಗುತ್ತಿತ್ತು. ಅಪ್ಪ ವೆಂಕಟರವಣಪ್ಪ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್. ಟೆಂಟು ಕೆಲವು ತಿಂಗಳು ತೊಂಡೇಬಾವಿಯಲ್ಲಿದ್ದರೆ ಆಮೇಲೆ ವಿದುರಾಶ್ವತ್ಥದ ಕಡೆ, ಅಲ್ಲಿಂದ ಇನ್ನೆಲ್ಲಿಗೋ. ಟೆಂಟಿನ ಮಾಲೀಕರು ಬದಲಾಗುತ್ತಿದ್ದರು, ಅಪ್ಪನ ಜೇಬಿನ ತಗಡಿನ ಡಬ್ಬಿ ಮಾತ್ರ ಬದಲಾಗುತ್ತಿರಲಿಲ್ಲ. ಅದರೊಳಗೆ ಅರ್ಧ ಬ್ಲೇಡು, ಒಂದು ಪುಟ್ಟ ಬ್ರಶ್ಶು, ಫಿಲಂ ಅಂಟಿಸುವ ಸಿಮೆಂಟಿನ ಸೀಸೆ. ಕಳಿತ ಬಾಳೆಹಣ್ಣಿನ ಮೇಲೆ ಸ್ಪಿರಿಟ್ ಸುರಿದಂಥ ವಾಸನೆ ಅದರದು. ರೀಲು ಪಟ್ಟೆಂದು ಕಿತ್ತುಹೋಗಿ, ನೆಲದಲ್ಲಿ ಕೂತವರು ಶಿಳ್ಳೆ ಹೊಡೆದು ಬೈಯುತ್ತಿದ್ದರೂ ಅಪ್ಪ ಅವಸರ ಮಾಡುತ್ತಿರಲಿಲ್ಲ. ಕೆರೆದು, ಸವರಿ, ಉಗುರಿನಿಂದ ಅದುಮಿ ಹಿಡಿದು, ಪಕ್ಕದಲ್ಲಿ ನಿಂತ ಮಗಳಿಗೆ ಹೇಳುತ್ತಿದ್ದರು: "ಟೆಂಟು ಯಾರದಾದ್ರೇನಮ್ಮ, ಡಬ್ಬಿ ನಂದು."

ಶಿಡ್ಲಘಟ್ಟದ ಅವರ ಮನೆಯಲ್ಲಿ ಆ ಮಧ್ಯಾಹ್ನ ಅದೇ ವಾಸನೆ ನಡುಮನೆಯಿಂದ ಬಂತು. ಅನಸೂಯಮ್ಮ ಸೊಪ್ಪು ಬಿಡಿಸುವುದನ್ನು ಬಿಟ್ಟು ಎದ್ದು ಬಂದು ನೋಡಿದರೆ ಸೊಸೆ ತನುಜ ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ಬಣ್ಣ ಹಚ್ಚುತ್ತಿದ್ದುದು ಉಗುರಿಗಲ್ಲ. ಹೆಬ್ಬೆರಳುದ್ದದ ಒಂದು ಕರೀ ಪ್ಲಾಸ್ಟಿಕ್ ತುಂಡಿಗೆ ಕೆಂಪು ಬೊಟ್ಟು ಇಡುತ್ತಿದ್ದಳು.

"ಏನೇ ಅದು? ಪೂಜೆ ಮಾಡ್ತಿದ್ದೀಯಾ?"

"ಪೆನ್ ಡ್ರೈವ್ ಅತ್ತೆ. ಎಲ್ಲಾರ್ದೂ ಒಂದೇ ಥರ ಇರುತ್ತೆ, ಗುರುತಿಗೆ ಇರ್ಲಿ ಅಂತ. ಇದ್ರೊಳಗೆ ಮಿಕ್ಸಿಂಗ್ ಇದೆ."

ಮದುವೆ ವಿಡಿಯೋ ಕತ್ತರಿಸಿ ಜೋಡಿಸುವ ಕೆಲಸಕ್ಕೆ ಆ ಕಡೆಯ ಸ್ಟುಡಿಯೋದವರೆಲ್ಲ ಹೇಳುವುದು ಮಿಕ್ಸಿಂಗ್ ಎಂದೇ. ತನುಜಳ ಮದುವೆ ಮಾತುಕತೆಯ ದಿನ ಹುಡುಗಿಗೆ ಮಿಕ್ಸಿಂಗ್ ಬರುತ್ತದೆ ಎಂದು ಕೇಳಿ ಅನಸೂಯಮ್ಮನ ಗಂಡ ಕೋನಪ್ಪ, "ನಮ್ಮನೇಲೂ ಮಿಕ್ಸಿ ಇದೆಯಮ್ಮ, ಚಟ್ನಿ ಚೆನ್ನಾಗಾಗುತ್ತೆ" ಅಂದಿದ್ದರು. ತನುಜಳ ತಮ್ಮ ಮುನೇಶ ಚಿಂತಾಮಣಿಯಲ್ಲಿ ಸ್ಟುಡಿಯೋ ಇಟ್ಟಿದ್ದ. ಬಿ.ಕಾಂ. ಓದುತ್ತಲೇ ಅವಳು ಅಲ್ಲಿ ಆ ಕೆಲಸ ಕಲಿತಿದ್ದಳು. ಮದುವೆಯಾದ ಮೇಲೆ ಅದು ನಿಂತೇ ಹೋಗಿತ್ತು.

ಈಗ ಪಕ್ಕದ ಮನೆ ಬಿಸ್ಮಿಲ್ಲಾ ಬೀ ಅವರ ಮಗಳು ಸಾಬ್ರೀನಳ ಮದುವೆ ಗೌರಿಬಿದನೂರಿನ ಹುಡುಗನ ಜೊತೆ ಆಗಿತ್ತು. ವಿಡಿಯೋ ತೆಗೆದವನು ಮುನೇಶ. ಅವನು ಫೋನಿನಲ್ಲಿ ಅಕ್ಕನಿಗೆ ಖಡಾಖಂಡಿತವಾಗಿ ಹೇಳಿದ್ದ: "ಇದೊಂದು ನೀನು ಮಾಡ್ಕೊಡು ಅಕ್ಕ. ಚೆನ್ನಾಗಿ ಬಂದು, ಟೈಮಿಗೆ ಸರಿಯಾಗಿ ಕೊಟ್ರೆ ಮುಂದಿನ ಆರ್ಡರೆಲ್ಲ ನಿಂಗೇ. ಇಲ್ಲಾಂದ್ರೆ ಬೆಂಗಳೂರಿನ ಹುಡುಗ ಒಬ್ಬ ಕೇಳ್ತಾ ಇದ್ದಾನೆ, ಅವನಿಗೆ ಮಾತು ಕೊಟ್ಬಿಡ್ತೀನಿ. ಆಮೇಲೆ ನನ್ನ ಬೈಬೇಡ."

ಟೈಮೆಂದರೆ ಐದನೇ ಶುಕ್ರವಾರ. ಬಿಸ್ಮಿಲ್ಲಾ ಬೀ ಅವರ ಮನೆತನದಲ್ಲಿ ಮದುವೆಯಾದ ಮೇಲೆ ಐದು ಶುಕ್ರವಾರ ಹೊಸ ಜೋಡಿಯನ್ನು ಕರೆದು ಊಟ ಹಾಕುತ್ತಾರೆ, ಅದಕ್ಕೆ ಜುಮ್ಮಗಿ ಅನ್ನುತ್ತಾರೆ. ಕೊನೆಯ ಜುಮ್ಮಗಿಗೆ ಗಂಡಿನ ಕಡೆಯವರೆಲ್ಲ ಬರುತ್ತಾರೆ, ಅವತ್ತು ಊಟ ಮುಗಿಸಿ ಎಲ್ಲರೂ ಕೂತು ಮದುವೆ ನೋಡಬೇಕು ಎಂದು ಬಿಸ್ಮಿಲ್ಲಾ ಬೀ ಆಸೆಪಟ್ಟಿದ್ದರು.

ಇಷ್ಟಕ್ಕೆಲ್ಲ ಅಡ್ಡ ನಿಂತದ್ದು ಒಂದು ಕಟ್ಟಳೆ. ಅನಸೂಯಮ್ಮನ ಮಗ ವೇಣು ರೇಷ್ಮೆಗೂಡಿನ ಮಾರ್ಕೆಟ್ಟಿನ ವ್ಯಾಪಾರಿಗಳಿಗೆ ಲೆಕ್ಕ ಬರೆದುಕೊಡುವವನು. ಅವನ ಲೆಕ್ಕವೆಲ್ಲ ಮನೆಯ ಕಂಪ್ಯೂಟರಿನಲ್ಲಿ. ಹೋದ ವರ್ಷ ಮುನೇಶ ಬಂದವನು ಅಕ್ಕನಿಗೆ ತೋರಿಸುತ್ತೇನೆಂದು ಅದಕ್ಕೆ ಮಿಕ್ಸಿಂಗ್ ಸಾಫ್ಟ್‌ವೇರ್ ಹಾಕಲು ಹೋಗಿ ಕಂಪ್ಯೂಟರ್ ನೀಲಿ ಬಣ್ಣಕ್ಕೆ ತಿರುಗಿ ಮಲಗಿಬಿಟ್ಟಿತ್ತು. ಒಂದು ವರ್ಷದ ಲೆಕ್ಕ ಮಂಗಮಾಯ. ವೇಣು ಮೊದಲಿನಿಂದ ಎಲ್ಲವನ್ನೂ ಮತ್ತೆ ಟೈಪು ಮಾಡಿದ. ಪಕ್ಕದಲ್ಲಿ ಕೂತು ಬಿಲ್ಲುಗಳನ್ನು ಒಂದೊಂದಾಗಿ ಓದಿ ಹೇಳಿದವಳು ತನುಜಳೇ. ಅವಳ ಗಂಟಲು ಕಟ್ಟಿ, ಅನಸೂಯಮ್ಮ ಮೆಣಸಿನ ಹಾಲು ಕಾಸಿ ಕೊಟ್ಟಿದ್ದರು. ಅದು ಮುಗಿದ ದಿನ ವೇಣು ಕಟ್ಟಳೆ ಮಾಡಿದ: "ಇನ್ಮೇಲೆ ಇದಕ್ಕೆ ಯಾರೂ ಏನೂ ಇನ್‌ಸ್ಟಾಲ್ ಮಾಡಕೂಡ್ದು. ತಟ್ಟೆ ಲೋಟ ಹಿಡ್ಕೊಂಡು ಯಾರೂ ಇದ್ರ ಹತ್ರ ಬರಕೂಡ್ದು. ಕೀಬೋರ್ಡ್ ತುಂಬ ಇರುವೆ!"

ಆ ಸಂಜೆ ವೇಣು ಎಂದಿಗಿಂತ ಬೇಗ ಬಂದ. ಪರದೆಯ ಮೇಲೆ ಸಾಬ್ರೀನ ತಲೆ ತಗ್ಗಿಸಿ ಕೂತಿದ್ದಳು, ಕೆಳಗೆ ಉದ್ದಕ್ಕೆ ತುಂಡು ತುಂಡು ಚಿತ್ರಗಳ ಪಟ್ಟಿ.

"ಏನಿದು?"

"ಮಿಕ್ಸಿಂಗ್."

"ಇನ್‌ಸ್ಟಾಲ್ ಮಾಡ್ಬೇಡ ಅಂದಿದ್ನಲ್ಲ!"

"ಮಾಡಿಲ್ಲ."

"ಕಣ್ಣೆದುರಿಗೇ ಓಡ್ತಾ ಇದೆ, ಮಾಡಿಲ್ಲ ಅಂತೀಯಲ್ಲೇ!"

"ಓಡ್ತಾ ಇದೆ. ಆದ್ರೆ ಇನ್‌ಸ್ಟಾಲ್ ಮಾಡಿಲ್ಲ ರೀ. ಈ ಸಾಫ್ಟ್‌ವೇರ್ ಪೋರ್ಟಬಲ್ ಅಂತ ಬರುತ್ತೆ. ಪೆನ್ ಡ್ರೈವ್ ಒಳಗಿಂದಾನೇ ಓಡುತ್ತೆ. ಮದುವೆ ಈ ಕಪ್ಪು ಹಾರ್ಡ್ ಡಿಸ್ಕ್ ಡಬ್ಬೀಲಿದೆ. ಎರಡನ್ನೂ ಕಿತ್ಕೊಂಡ್ರೆ ನಿಮ್ಮ ಕಂಪ್ಯೂಟರಲ್ಲಿ ಒಂದು ಚೂರೂ ಉಳಿಯಲ್ಲ."

ಜಗಲಿಯಿಂದ ಕೋನಪ್ಪ ಒಳಗೆ ಬಂದರು. ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್ ಆಗಿ ಸೇರಿ ಮೇಸ್ತ್ರಿಯಾಗಿ ನಿವೃತ್ತರಾದವರು. "ಹಳ್ಳೀಲಿ ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟ್ ಕದಿಯೋರೂ ಹಿಂಗೇ ಹೇಳ್ತಿದ್ರು ಕಣಮ್ಮ. ಸ್ಕ್ವಾಡ್ ಬಂದ ತಕ್ಷಣ ಕೊಕ್ಕೆ ಕಿತ್ತು ಬಣವೆಗೆ ಎಸೆಯೋದು. ನೋಡಿ ಸಾರ್, ಮೀಟ್ರಲ್ಲಿ ಏನೂ ಇಲ್ಲ!"

"ನೀವು ಸುಮ್ನಿರಿ," ಅಂದರು ಅನಸೂಯಮ್ಮ. "ವೇಣು, ಕೊಂಡಮ್ಮ ದೊಡ್ಡಮ್ಮ ಜ್ಞಾಪಕ ಇದ್ದಾರಾ? ದೀಕ್ಷೆ ತಗೊಂಡಿದ್ರು, ಬೇರೆಯವ್ರ ಮನೆ ಉಪ್ಪು ಕೂಡ ಮುಟ್ತಿರಲಿಲ್ಲ. ನಮ್ಮನೆಗೆ ಬಂದ್ರೆ ಅವರ ತಪ್ಪಲೆ, ಅವರ ಅಕ್ಕಿ, ಅವರ ಬೆಂಕಿಪೊಟ್ಣ. ಜಗಲೀಲಿ ಬೇಯಿಸ್ಕೊಂಡು, ಉಂಡು, ಸಾರಿಸಿ, ಗಂಟು ಕಟ್ಕೊಂಡು ಹೊರಡೋರು. ಇದೂ ಹಂಗೇ ತಾನೆ?"

"ಹಂಗೇ ಅಮ್ಮ. ಅವ್ರು ಹೋದ್ಮೇಲೆ ಜಗಲಿ ಗೋಡೆ ಮಸಿ ಯಾರು ಉಜ್ತಿದ್ರು ಹೇಳು? ನೀನೇ!"

ಮಾರನೆಯ ದಿನ ವೇಣು ಪಾಸ್‌ವರ್ಡ್ ಬದಲಾಯಿಸಿ ಕೆಲಸಕ್ಕೆ ಹೋದ.

ತನುಜ ಅಳಲಿಲ್ಲ. ಅನ್ನಕ್ಕಿಟ್ಟಳು, ಹುಳಿ ಕುದಿಸಿದಳು, ಒಲೆ ಒರೆಸಿದಳು. ಆಮೇಲೆ ತರಕಾರಿ ಚೀಲದ ತಳಕ್ಕೆ ಟವೆಲ್ ಹಾಸಿ ಕಪ್ಪು ಡಬ್ಬಿ ಇಟ್ಟು, ಪೆನ್ ಡ್ರೈವನ್ನು ಪರ್ಸಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?" ಕೋನಪ್ಪ ಕೇಳಿದರು.

"ಉಮರ್ ಅವ್ರ ಸೈಬರ್ ಕೆಫೆಗೆ ಮಾವ. ಇದು ಯಾವ ಕಂಪ್ಯೂಟರಲ್ಲಾದ್ರೂ ಓಡುತ್ತೆ."

"ಸೈಬರಿಗಾ? ಮನೆ ಸೊಸೆ, ಆ ಪ್ಲೈವುಡ್ ಗೂಡೊಳಗೆ ಹೋಗಿ ಕೂತ್ಕೊಳೋದಾ? ಏಮಿ ಕಾಲಂ ವಚ್ಚಿಂದಪ್ಪಾ, ಎಂಥಾ ಕಾಲ ಬಂತು! ಅನಸೂಯಾ, ನೋಡ್ತಾ ಇದ್ದೀಯಲ್ಲ, ಏನಾದ್ರೂ ಹೇಳು!"

ಅನಸೂಯಮ್ಮ ಹೇಳಿದ್ದು ಇಷ್ಟೇ: "ತಾಳೇ, ಕನ್ನಡಕ ತಗೋತೀನಿ. ನಾನೂ ಬರ್ತೀನಿ."

ಉಮರ್ ಫಾರೂಕ್ ಸಾಬ್ರೀನಳ ಅಣ್ಣ. ಹೈಸ್ಕೂಲಿನಲ್ಲಿ ಟೀಚರಾಗಿದ್ದ ಅನಸೂಯಮ್ಮನ ಹತ್ತಿರ ಸಮಾಜ ಪಾಠ ಓದಿ, ಪಾಣಿಪತ್ತಿನ ಯುದ್ಧಗಳನ್ನು ಹಿಂದುಮುಂದಾಗಿ ಬರೆದು ಬೈಸಿಕೊಂಡವನು. ಅವರನ್ನು ನೋಡಿದ್ದೇ ಎದ್ದು ನಿಂತ. "ಮಿಸ್! ಬನ್ನಿ ಮಿಸ್." ಫ್ಯಾನಿನ ಕೆಳಗಿನ ಕಂಪ್ಯೂಟರಿನಲ್ಲಿ ಚಾಟ್ ಮಾಡುತ್ತಿದ್ದವನನ್ನು ಎಬ್ಬಿಸಿ ಮೂಲೆಗೆ ಕಳಿಸಿದ. ಆ ಗೂಡಿನ ಬಾಗಿಲಿಗಿದ್ದ ಅಡ್ಡಹಲಗೆಯನ್ನು ಸದ್ದಿಲ್ಲದೆ ಕಳಚಿ ಗೋಡೆಗೆ ಒರಗಿಸಿದ. ಈಗ ರಸ್ತೆಯಲ್ಲಿ ಹೋಗುವವರಿಗೂ ಒಳಗೆ ಕೂತವರು ಕಾಣುತ್ತಿದ್ದರು. ಇನ್ನೊಂದು ಕುರ್ಚಿ ತಂದು ಅದರ ಮೇಲೆ ತನ್ನ ಕರ್ಚೀಫಿನಿಂದ ಧೂಳು ಹೊಡೆದ. ಅನಸೂಯಮ್ಮ ಅದನ್ನೆಲ್ಲ ನೋಡಿ, ಕನ್ನಡಕ ಹಾಕಿಕೊಂಡು ಕೂತರು.

ಹೀಗೆ ವಾರಗಳು ಕಳೆದವು. ಅಡುಗೆ ಮುಗಿಸಿ ಅತ್ತೆ ಸೊಸೆ ಹೊರಡುವುದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಬರುವುದು. ಮನೆಯಲ್ಲಿ ಕೋನಪ್ಪ ತಾವೇ ಬಡಿಸಿಕೊಂಡು ಉಣ್ಣಬೇಕು. ಪ್ರತಿದಿನ ಒಂದು ತಕರಾರು. "ಸಾರು ತಣ್ಣಗಿತ್ತು." "ಬಿಸಿ ಮಾಡ್ಕೋಬೇಕಿತ್ತು." "ಉಪ್ಪಿನಕಾಯಿ ಭರಣಿ ಎಲ್ಲಿಟ್ಟಿದ್ದೀಯೋ ಸಿಗಲಿಲ್ಲ." "ಮೂವತ್ತು ವರ್ಷದಿಂದ ಇಟ್ಟಿರೋ ಜಾಗದಲ್ಲೇ ಇದೆ." ಅನಸೂಯಮ್ಮನಿಗೆ ಸಾಕುಸಾಕಾಗಿತ್ತು. ಸೈಬರಿನ ಕುರ್ಚಿಗೆ ಸೊಂಟ ನೋಯುತ್ತಿತ್ತು, ಮನೆಗೆ ಬಂದರೆ ಕಿವಿ.

ಆದರೂ ಆ ಕೆಲಸ ನೋಡುವುದರಲ್ಲಿ ಏನೋ ಒಂದು ರುಚಿ. ತನುಜ ಒಂದೊಂದು ತುಂಡನ್ನೂ ಓಡಿಸಿ, ನಿಲ್ಲಿಸಿ, ಕತ್ತರಿಸಿ, ಎಳೆದು ಕೂರಿಸುತ್ತಿದ್ದಳು. "ಇದನ್ನ ಎಲ್ಲಿಡಣ ಅತ್ತೆ?" ಎಂದು ಕೇಳುತ್ತಿದ್ದಳು. ಬಾಗಿ ಮದುಮಗನ ಶೂ ಲೇಸು ಕಟ್ಟುತ್ತಿದ್ದ ಮುದುಕ. ಬಿರಿಯಾನಿ ದೇಗ್ಚಿಯ ಮುಚ್ಚಳ ಎತ್ತಿ ಹಬೆಗೆ ಮುಖ ತಿರುಗಿಸಿದ ಅಡುಗೆಯವನು. ಮಗಳನ್ನು ಕಳಿಸುವಾಗ ಬಿಸ್ಮಿಲ್ಲಾ ಬೀ ಅಳದೆ, ಅವಳ ದುಪಟ್ಟಾಕ್ಕೆ ಸಿಕ್ಕಿದ್ದ ಪಿನ್ನು ಬಿಡಿಸಿ ಕೊಡುತ್ತಿದ್ದುದು.

"ಶೂ ಲೇಸಿನ ತಾತನ್ನ ಮದುಮಗ ಬರೋದಕ್ಕೆ ಮುಂಚೆ ಇಡು," ಅನ್ನುತ್ತಿದ್ದರು ಅನಸೂಯಮ್ಮ. "ಪಿನ್ನನ್ನ ಕೊನೇಗಿಡು. ಅದಾದ್ಮೇಲೆ ಏನೂ ಬೇಡ."

"ನಿಮ್ಮಪ್ಪ ಹಿಂಗೇ ಮಾಡ್ತಿದ್ರಾ ಅತ್ತೆ, ಟಾಕೀಸಲ್ಲಿ?"

"ಅಪ್ಪ ಕಿತ್ತೋಗಿದ್ದನ್ನ ಅಂಟಿಸ್ತಿದ್ರು. ನೀನು ಚೆನ್ನಾಗಿರೋದನ್ನ ಕತ್ತರಿಸಿ ಅಂಟಿಸ್ತೀಯ."

ಸುದ್ದಿ ಮಾರ್ಕೆಟ್ಟಿಗೆ ಹೋಗದೆ ಇರುತ್ತದೆಯೇ? ಒಂದು ಸಂಜೆ ವೇಣು ಉಣ್ಣಲು ಕೂತವನು ಮುದ್ದೆಯನ್ನು ಸಾರಿಗೆ ಅದ್ದದೆ ಹಾಗೇ ಕೈಯಲ್ಲಿ ಹಿಡಿದುಕೊಂಡ. "ಮಾರ್ಕೆಟಲ್ಲಿ ಆವಲಪ್ಪ ಕೇಳ್ತಾನೆ, ಏನಪ್ಪಾ, ನಿಮ್ಮನೇಲಿ ಕಂಪ್ಯೂಟರ್ ಇಲ್ವಾ, ಹೆಂಡ್ತಿ ಸೈಬರಲ್ಲಿ ಕೂತಿರ್ತಾರಲ್ಲ ಅಂತ."

"ಇದೆ, ಬೀಗ ಹಾಕಿದ್ದೀನಿ ಅಂತ ಹೇಳ್ಬೇಕಿತ್ತು," ಎಂದಳು ತನುಜ, ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಡುತ್ತ.

"ಮಾತು ಕಲಿತಿದ್ದೀಯ."

"ಬಿಲ್ಲು ಓದೀ ಓದೀ ಬಂತು."

ವೇಣು ಕೈಯಲ್ಲಿದ್ದ ಮುದ್ದೆಯನ್ನು ಸಾರಿಗೆ ಅದ್ದಿದ. ಆಮೇಲೆ ಅಂದ: "ಬೆಳಿಗ್ಗೆ ಹೋಗೋವಾಗ ನಾನೇ ಪಾಸ್‌ವರ್ಡ್ ಒತ್ತಿ ಹೋಗ್ತೀನಿ. ನಾನು ಬರೋ ಹೊತ್ತಿಗೆ ಎದ್ದಿರ್ಬೇಕು. ಲೆಕ್ಕ ಮುಟ್ಟಕೂಡ್ದು. ಸೈಬರು ಗೀಬರು ಸಾಕು."

"ಅಂತೂ ಕೊಕ್ಕೆ ಬಿಡಿಸಿ ಮೀಟರ್ ಕೊಟ್ಟ," ಅಂದರು ಕೋನಪ್ಪ.

"ಅಪ್ಪ, ನೀವು ಬೇರೆ! ಯಾವತ್ತು ಮುಗಿಯುತ್ತೋ ಈ ಮದ್ವೆ! ನಮ್ಮ ಮದ್ವೇನೇ ಎರಡು ದಿನದಲ್ಲಿ ಮುಗೀತು. ಪೆನ್ ಡ್ರೈವ್, ಪೆನ್ ಡ್ರೈವ್, ಮೂರು ಹೊತ್ತೂ ಅದೇ ಜಪ. ಅವ್ರ ಕಡೆಯೋರು ಯಾರಾದ್ರೂ ಬಂದ್ರೆ ಆ ಪೆನ್ ಡ್ರೈವ್‌ನ ಅವ್ರ ಕೈಗೆ ಕೊಟ್ಟು ಕಳಿಸಿಬಿಡಿ ಅಪ್ಪ, ಪೀಡೆ ತೊಲಗ್ಲಿ!"

ಸಿಟ್ಟಿನಲ್ಲಿ ಆಡಿದ ಮಾತು. ಅನಸೂಯಮ್ಮ ಅದನ್ನು ಸಿಂಕಿಗೆ ಸುರಿದ ನೀರಿನಷ್ಟೂ ಲೆಕ್ಕಕ್ಕಿಡಲಿಲ್ಲ. ಆದರೆ ಕೋನಪ್ಪ ಆಫೀಸಿನಲ್ಲಿ ಮೇಲಿನವರ ಆರ್ಡರನ್ನು ಯಾವತ್ತೂ ಪ್ರಶ್ನೆ ಮಾಡಿದವರಲ್ಲ.

ನಾಲ್ಕನೇ ಜುಮ್ಮಗಿಯ ಶುಕ್ರವಾರ ಅತ್ತೆ ಸೊಸೆ ಕೆಂಚಾರ್ಲಹಳ್ಳಿಗೆ ನಾಮಕರಣಕ್ಕೆ ಹೋಗಿದ್ದರು. ಜೋಡಣೆ ಬಹುಪಾಲು ಮುಗಿದಿತ್ತು, ಹೆಸರುಗಳನ್ನು ಹಾಕಿ ಡಿವಿಡಿಗೆ ಇಳಿಸುವುದಷ್ಟೇ ಬಾಕಿ. ಬಸ್ಸಿನಲ್ಲಿ ತನುಜ ನೆಮ್ಮದಿಯಿಂದ ತೂಕಡಿಸಿದಳು. ಮನೆಗೆ ಬಂದರೆ ಮೇಜಿನ ಮೇಲೆ ಒಂದು ಡಬ್ಬಿ ಸಿಹಿ. ಕಪ್ಪು ಡಬ್ಬಿ ಇದ್ದಲ್ಲೇ ಇದೆ. ಕೆಂಪು ಬೊಟ್ಟಿನದು ಇಲ್ಲ.

"ಮಾವ, ಇಲ್ಲಿ ನನ್ನ ಪೆನ್ ಡ್ರೈವ್ ಇತ್ತು."

"ಕೊಟ್ಟೆ," ಅಂದರು ಕೋನಪ್ಪ, ಕರ್ತವ್ಯ ಮುಗಿಸಿದವರ ಗತ್ತಿನಲ್ಲಿ. "ಸಾಬ್ರೀನ್ ಮೈದುನ ಬಂದಿದ್ದ. ಒಳ್ಳೇ ಹುಡುಗ, ಸಿಹಿ ತಂದಿದ್ದ. ಅಂಕಲ್, ಮದ್ವೆ ರೆಡಿ ಆಯ್ತಾ ಅಂದ. ರೆಡಿ ಇದೆ ತಗೋಪ್ಪ ಅಂತ ಕೊಟ್ಟೆ."

"ಏನು ಕೊಟ್ರಿ?"

"ಮದ್ವೆ!"

ತನುಜ ಕಪ್ಪು ಡಬ್ಬಿಯ ಮೇಲೆ ಕೈಯಿಟ್ಟಳು. "ಮದ್ವೆ ಇದ್ರೊಳಗಿದೆ ಮಾವ. ನೀವು ಕೊಟ್ಟಿದ್ದು ಕತ್ತರಿ. ಟೈಲರ್ ಅಂಗಡಿಗೆ ರವಿಕೆ ಕೇಳ್ಕೊಂಡು ಬಂದವ್ರಿಗೆ ಕತ್ತರಿ ಕೊಟ್ಟು ಕಳಿಸಿದ್ದೀರ. ಎಲ್ಲೆಲ್ಲಿ ಕತ್ತರಿಸ್ಬೇಕು, ಯಾವುದಕ್ಕೆ ಯಾವುದು ಜೋಡಿಸ್ಬೇಕು ಅಂತ ಇಷ್ಟು ದಿನ ಹಾಕಿದ ಗುರುತೂ ಅದ್ರಲ್ಲೇ ಇತ್ತು."

"ನಂಗೇನಮ್ಮ ಗೊತ್ತು! ಇಷ್ಟು ದಿನ ಮನೇಲಿ ಎಲ್ರೂ ಪೆನ್ ಡ್ರೈವ್ ಪೆನ್ ಡ್ರೈವ್ ಅಂತಿದ್ರಿ, ಆ ಡಬ್ಬಿ ಹೆಸ್ರು ಒಬ್ರಾದ್ರೂ ಹೇಳಿದ್ರಾ? ಅಲ್ಲದೆ ವೇಣೂನೇ ಹೇಳಿದ್ದ, ಕೊಟ್ಟು ಕಳಿಸಿ ಅಂತ!"

ಆ ಮೈದುನನ ಮೊಬೈಲು ಸ್ವಿಚ್ ಆಫ್. ಮಾರನೆಯ ದಿನ ಉಮರ್ ಸೈಬರಿಗೆ ಬೀಗ ಹಾಕಿ ಬೈಕಿನಲ್ಲಿ ಗೌರಿಬಿದನೂರಿಗೆ ಹೋದ. ಭಾನುವಾರ ಬೆಳಿಗ್ಗೆ ತಾಯಿಯ ಜೊತೆ ಮನೆಗೆ ಬಂದವನ ಮುಖ ನೋಡಿಯೇ ಅನಸೂಯಮ್ಮನಿಗೆ ಅರ್ಥವಾಯಿತು. ಅವನು ತಂದ ಪೆನ್ ಡ್ರೈವಿನ ಕೆಂಪು ಬೊಟ್ಟು ಹಾಗೇ ಇತ್ತು. ವೇಣು ತಾನೇ ತೆಗೆದುಕೊಂಡು ಕಂಪ್ಯೂಟರಿಗೆ ಸಿಕ್ಕಿಸಿದ. ಒಳಗೆ ಸಾಲಾಗಿ ಬರೀ ಹಾಡುಗಳು.

"ಟೀವಿಗೆ ಹಾಕಿ ನೋಡಿದ್ನಂತೆ," ಎಂದ ಉಮರ್, ನೆಲ ನೋಡುತ್ತ. "ಮದ್ವೆ ಕಾಣಲಿಲ್ಲ. ಯಾವ್ಯಾವ್ದೋ ಫೈಲಿತ್ತಂತೆ. ಅಂಕಲ್ ತಪ್ಪಿ ಯಾವುದೋ ಹಳೇದು ಕೊಟ್ಟಿದ್ದಾರೆ, ವಾಪಸ್ ಕೊಡೋವರೆಗೂ ಕಾರಲ್ಲಿ ಕೇಳಣ ಅಂತ ಫಾರ್ಮ್ಯಾಟ್ ಹೊಡೆದು ಹಾಡು ತುಂಬಿಸಿದ್ದಾನೆ ಮಿಸ್. ಚೆನ್ನಾಗಿ ಬೈದು ಬಂದೆ."

ಬಿಸ್ಮಿಲ್ಲಾ ಬೀ ತನುಜಳ ತಲೆ ಸವರಿದರು. "ಜಾನೇ ದೇ ಬೇಟಿ. ಹೋಗ್ಲಿ ಬಿಡಮ್ಮ. ಮುಂದಿನ ತಿಂಗಳು ನೋಡ್ತೀವಿ. ಮದುವೆ ಏನು ಓಡೋಗ್ತದಾ?"

"ಮುಂದಿನ ತಿಂಗಳು ಅಂದ್ರೆ ಅದನ್ನ ಬೆಂಗಳೂರಿನವ್ರು ಮಾಡಿರ್ತಾರೆ ಚಾಚಿ," ಎಂದಳು ತನುಜ. ಅವಳ ದನಿ ಸರಿಯಾಗಿಯೇ ಇತ್ತು, ಕೈ ಮಾತ್ರ ಸೆರಗಿನ ಅಂಚನ್ನು ಹಿಂಡುತ್ತಿತ್ತು. "ಶುಕ್ರವಾರ ಕೊಡಲಿಲ್ಲಾಂದ್ರೆ ಮುನೇಶ ಇನ್ನು ನನ್ನ ಕೇಳಲ್ಲ. ಅವನ ಅಂಗಡಿ, ಅವನ ಹೆಸ್ರು. ತಪ್ಪು ಅನ್ನಕ್ಕಾಗಲ್ಲ."

"ಅಳಿಸಿದ್ದು ಆ ಹುಡುಗ, ನಾನಲ್ಲ," ಕೋನಪ್ಪ ಗೊಣಗಿದರು.

"ನಾನು ಸಿಟ್ಟಲ್ಲಿ ಅಂದಿದ್ದನ್ನ..." ವೇಣು ಶುರುಮಾಡಿದ.

ಅನಸೂಯಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು. "ಇಬ್ರೂ ಬಾಯಿ ಮುಚ್ಚಿ! ಒಬ್ಬ ಮುಟ್ಬೇಡ ಅಂತ ಬೀಗ ಹಾಕೋನು, ಇನ್ನೊಬ್ರು ಬಂದವ್ರಿಗೆಲ್ಲ ದಾನ ಮಾಡೋರು. ಇಡೀ ಮನೇಗೆ ಒಂದು ಬೆರಳುದ್ದದ ವಸ್ತು ಕಾಯಕ್ಕಾಗಲಿಲ್ಲ. ಆ ಹುಡುಗಿ ಕೇಳಿದ್ದಾದ್ರೂ ಏನು? ಯಾರೂ ಕೂರದೇ ಇರೋ ಹೊತ್ತಲ್ಲಿ ಒಂದು ಕುರ್ಚಿ!"

ಅವರು ಏರುದನಿಯಲ್ಲಿ ಮಾತಾಡಿದ್ದು ಕೋನಪ್ಪ ನೋಡಿ ಎಷ್ಟೋ ವರ್ಷವಾಗಿತ್ತು. ಅವರು ಮೆಲ್ಲಗೆ ಎದ್ದು ಹೋಗಿ, ಬೇಡದಿದ್ದರೂ ಹಿತ್ತಲಿನ ಗಿಡಗಳಿಗೆ ನೀರು ಹಾಕತೊಡಗಿದರು.

ತನುಜ ಫೋನ್ ಮಾಡಿದಳು. ಮುನೇಶ ಬೈದ, ಅವಳೂ ಬೈದಳು. ಕೊನೆಗೆ ಸೋಮವಾರದ ಮೊದಲ ಬಸ್ಸಿನಲ್ಲಿ, ಚಿಂತಾಮಣಿಯಿಂದ ಕಂಡಕ್ಟರ್ ಕೈಯಲ್ಲಿ ಇನ್ನೊಂದು ಪೆನ್ ಡ್ರೈವ್ ಬಂತು, ಬೆಂಕಿಪೊಟ್ಟಣದೊಳಗೆ ಹತ್ತಿ ಸುತ್ತಿಕೊಂಡು. ಕತ್ತರಿ ಸಿಕ್ಕಿತು. ಗುರುತು? ಗಂಟೆಗಟ್ಟಲೆ ಉದ್ದದ ಮದುವೆ ಮತ್ತೆ ಕತ್ತರಿಸದ ಬಟ್ಟೆಯ ಥಾನಿನಂತೆ ಮುಂದೆ ಬಿದ್ದಿತ್ತು.

"ಎಲ್ಲಿಂದ ಶುರು ಮಾಡಿದ್ದೆ ಅನ್ನೋದೇ ಮರೆತೋಗಿದೆ ಅತ್ತೆ. ತಲೆ ಖಾಲಿ."

ಅನಸೂಯಮ್ಮ ಅಡುಗೆಮನೆಯ ಸ್ಟೂಲು ತಂದು ಅವಳ ಪಕ್ಕಕ್ಕೆ ಹಾಕಿ ಕೂತರು. ಕಣ್ಣು ಮುಚ್ಚಿದರು. "ಮೊದಲು ಹಸಿರು ಗೇಟು. ಗೇಟಿಗೆ ಕಟ್ಟಿದ್ದ ಹೂವಿನ ಹಾರ ಗಾಳಿಗೆ ಆಡೋದು. ಅದನ್ನ ಅರ್ಧಕ್ಕೆ ನಿಲ್ಲಿಸಿದ್ದೆ, ನಾನು ಇನ್ನೂ ಸ್ವಲ್ಪ ಇರ್ಲಿ ಅಂದೆ. ಆಮೇಲೆ ಮೆಹಂದಿ ಕೈ. ಆಮೇಲೆ ದೇಗ್ಚಿ. ಆಮೇಲೆ ಶೂ ಲೇಸಿನ ತಾತ."

"ಎಲ್ಲಾ ನೆನಪಿದೆಯಾ ಅತ್ತೆ?"

"ನಂಗೇನು ಕೆಲಸ ಇತ್ತು ಅಲ್ಲಿ? ನೋಡ್ತಾ ಕೂತಿದ್ದೆ. ಹ್ಞೂ, ಹುಡುಕು ತಾತನ್ನ."

ಅವರು ಹೇಳುತ್ತ ಹೋದರು, ಅವಳು ಹುಡುಕಿ ಕತ್ತರಿಸುತ್ತ ಹೋದಳು. ಒಮ್ಮೊಮ್ಮೆ ಹಿಂದುಮುಂದಾಗುತ್ತಿತ್ತು. "ಅಲ್ಲ ಅತ್ತೆ, ಖಾಜಿ ಬಂದಿದ್ದು ಆಮೇಲೆ." "ಹೌದು ಹೌದು, ಪಾಣಿಪತ್ತಿನ ಯುದ್ಧ ಆಯ್ತು ನಂದೂ." ಇಬ್ಬರೂ ನಕ್ಕರು. ಆ ವಾರದಲ್ಲಿ ಅವರು ನಕ್ಕಿದ್ದು ಅದೊಂದೇ ಸಲವಿರಬೇಕು.

ಮಂಗಳವಾರ ವೇಣು ಪಾಸ್‌ವರ್ಡ್ ಒತ್ತದೆ ಹೊರಟುಹೋದ. ಮರೆತನೋ, ಸೇಡೋ ಎಂದು ತನುಜ ಸಿಡುಕುತ್ತ ಸ್ವಿಚ್ ಹಾಕಿದರೆ ಕಂಪ್ಯೂಟರು ಏನನ್ನೂ ಕೇಳದೆ ತೆರೆದುಕೊಂಡಿತು. ಅವಳು ಅತ್ತೆಯ ಮುಖ ನೋಡಿದಳು. "ಕೆಲಸ ನೋಡು," ಅಂದರು ಅನಸೂಯಮ್ಮ.

ಕಾಟ ಕೊಟ್ಟದ್ದು ಕರೆಂಟು. ಬೇಸಿಗೆಯ ಲೋಡ್ ಶೆಡ್ಡಿಂಗ್. ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ. ಬುಧವಾರ ಎರಡು ಸಲ ಕೆಲಸದ ಅರ್ಧದಲ್ಲೇ ಪರದೆ ಕತ್ತಲಾಯಿತು. ಗುರುವಾರ ಕೋನಪ್ಪ ಬಿಳೀ ಅಂಗಿ ಹಾಕಿಕೊಂಡು, ಎಲ್ಲಿಗೆ ಎಂದು ಹೇಳದೆ ಹೊರಟರು. ಬಿಸಿಲಲ್ಲಿ ಬೆವರಿ ವಾಪಸು ಬಂದವರು ನಡುಮನೆಯ ಬಾಗಿಲಲ್ಲಿ ನಿಂತು ಯಾರನ್ನೂ ನೋಡದೆ ಹೇಳಿದರು: "ಆಫೀಸಲ್ಲಿ ಹಳೇ ಹುಡುಗರನ್ನ ಕೇಳ್ಕೊಂಡು ಬಂದೆ. ಇವತ್ತು ನಮ್ಮ ಲೈನಿಗೆ ರಾತ್ರಿ ಎಂಟಕ್ಕೆ ಕಟ್ಟು. ಅಲ್ಲೀವರೆಗೂ ಹೋಗಲ್ಲ. ನಾಳೆ ಬೆಳಿಗ್ಗೆ ಪೂರ್ತಿ ಇರುತ್ತೆ."

"ಎಂಟರೊಳಗೆ ಜೋಡಣೆ ಮುಗಿದ್ರೆ ಬೆಳಿಗ್ಗೆ ಡಿವಿಡಿಗೆ ಹಾಕ್ಬೋದು," ಎಂದಳು ತನುಜ, ಕಣ್ಣು ತೆಗೆಯದೆ. "ಮಧ್ಯಾಹ್ನ ಜುಮ್ಮಗಿ ಊಟಕ್ಕೆ ಸರಿಹೋಗುತ್ತೆ. ಆದ್ರೆ ಇನ್ನು ಏಳೋ ಹಂಗಿಲ್ಲ ಅತ್ತೆ."

"ಏಳ್ಬೇಡ."

ಕೋನಪ್ಪ ತಮ್ಮ ಕುರ್ಚಿಯನ್ನು ಮೀಟರ್ ಬೋರ್ಡಿನ ಕೆಳಗೆ ಹಾಕಿಕೊಂಡು ಕಾವಲು ಕೂತರು. ಕರೆಂಟು ಉಳಿಸುವ ಅಭ್ಯಾಸದಿಂದ ಆಗಾಗ ಸ್ವಿಚ್ಚಿನ ಕಡೆ ಹೋಗುತ್ತಿದ್ದ ತಮ್ಮ ಕೈಯನ್ನೇ ಅವರು ಕಾಯುತ್ತಿದ್ದಂತಿತ್ತು. ಸ್ವಲ್ಪ ಹೊತ್ತಿಗೊಮ್ಮೆ ಕತ್ತು ಚಾಚಿ ಪರದೆ ನೋಡುವರು.

"ಕೊನೇಲಿ ಏನೋ ಹೆಸ್ರು ಬರುತ್ತಲ್ಲ, ಅದ್ಯಾರ್ದು?"

"ನಂದೇ ಮಾವ. ಮಿಕ್ಸಿಂಗ್, ತನುಜ."

"ಬರೀ ತನುಜ ಅಂದ್ರೆ ಯಾರು ಅಂತ ಗೊತ್ತಾಗುತ್ತೆ? ಕೋನಪ್ಪನ ಸೊಸೆ ಅಂತ ಹಾಕ್ಬಾರ್ದಾ?"

"ಕತ್ತರಿ ದಾನ, ಕೋನಪ್ಪ ಅಂತ ಹಾಕೇ ತನುಜ," ಅಂದರು ಅನಸೂಯಮ್ಮ. ಕೋನಪ್ಪ ಕತ್ತು ಒಳಗೆಳೆದುಕೊಂಡರು.

ಹೊರಗೆ ಬೀದಿ ದೀಪಗಳು ಹತ್ತಿಕೊಂಡವು. ಅಡುಗೆಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಬೆಳಗಿನ ಹುರುಳಿಕಾಳು ಸಾರು ತಳದಲ್ಲಿ ಇಷ್ಟೇ ಇಷ್ಟು ಉಳಿದಿದ್ದು ಅನಸೂಯಮ್ಮನಿಗೆ ಗೊತ್ತಿತ್ತು. ವೇಣು ಬರುವ ಹೊತ್ತಾಯಿತು, ಇನ್ನೊಂದು ಕೂಗಾಟ ಕಾದಿದೆ ಎಂದುಕೊಂಡರು. ಏಳಲು ನೋಡಿದರೆ ತನುಜ, "ಅತ್ತೆ, ಸಾಬ್ರೀನ್‌ನ ಕಳಿಸಿದ್ಮೇಲೆ ಕಾರಾ, ಅದಕ್ಕೂ ಮುಂಚೆ ಅವಳ ಅತ್ತಿಗೆ ಓಡ್ಬರೋದಾ?" ಅಂದಳು. ಅವರು ಮತ್ತೆ ಕೂತರು.

ವೇಣುವಿನ ಬೈಕು ನಿಂತ ಸದ್ದಾಯಿತು. ಚಪ್ಪಲಿ ಬಿಟ್ಟ ಸದ್ದು. ನಡುಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತ. ಅಪ್ಪ ಮೀಟರಿನ ಕೆಳಗೆ, ಅಮ್ಮ ಸ್ಟೂಲಿನ ಮೇಲೆ, ಹೆಂಡತಿ ಅವನ ಕುರ್ಚಿಯಲ್ಲಿ. ಯಾರೂ ತಿರುಗಲಿಲ್ಲ. ಅವನು ಒಳಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಯಿಂದ ನೀರು ಕುದಿಯುವ ಸದ್ದು, ಆಮೇಲೆ ಮುದ್ದೆ ಕೋಲು ಪಾತ್ರೆಯ ಅಂಚಿಗೆ ಬಡಿಯುವ ಸದ್ದು, ಆಮೇಲೆ "ಅಬ್ಬಾ" ಎಂದು ಕೈ ಸುಟ್ಟುಕೊಂಡವನ ದನಿ. ತನುಜಳ ಕೈ ಮೌಸಿನ ಮೇಲೆ ಹಾಗೇ ನಿಂತಿತು.

"ಕೆಲಸ ನೋಡು," ಅಂದರು ಅನಸೂಯಮ್ಮ.

ಕೊನೆಯ ತುಂಡು ಬಂತು. ಬಿಸ್ಮಿಲ್ಲಾ ಬೀ ಬಾಗಿ ಮಗಳ ದುಪಟ್ಟಾದ ಪಿನ್ನು ಬಿಡಿಸುತ್ತಿದ್ದರು. ತನುಜ ಅದನ್ನು ಎಳೆದು ತಂದು ಎಲ್ಲಕ್ಕಿಂತ ಹಿಂದೆ ಕೂರಿಸಿ, ಅದರ ಎರಡು ಕಡೆಯ ಅಂಚನ್ನು ಸವರುತ್ತಿದ್ದಳು. ಆಗ ವೇಣು ಬಂದ. ಎರಡು ಕೈಯಲ್ಲಿ ಎರಡು ತಟ್ಟೆ. ಮುದ್ದೆ ಗಂಟು ಗಂಟಾಗಿತ್ತು, ಒಂದು ಪಕ್ಕಕ್ಕೆ ವಾಲಿತ್ತು. ಇದ್ದ ಸಾರನ್ನು ನೀರು ಬೆರೆಸಿ ಎರಡಕ್ಕೂ ಸಮನಾಗಿ ಬಿಟ್ಟಿದ್ದ, ಪಕ್ಕದಲ್ಲಿ ಒಂದೊಂದು ಹೋಳು ಈರುಳ್ಳಿ. ಒಂದನ್ನು ಅಮ್ಮನ ಕೈಗೆ ಕೊಟ್ಟ. ಇನ್ನೊಂದನ್ನು ಹಿಡಿದುಕೊಂಡು ಮೇಜಿನ ಮೇಲೆ ಎಲ್ಲೂ ಜಾಗವಿಲ್ಲದ್ದು ನೋಡಿದ. ಆಮೇಲೆ ಕೀಬೋರ್ಡನ್ನು ತನ್ನ ಕೈಯಾರೆ ಒಂದು ಗೇಣು ಆಚೆಗೆ ಸರಿಸಿ, ಅದಿದ್ದ ಜಾಗದಲ್ಲಿ ತಟ್ಟೆ ಇಟ್ಟ.